ಕಬ್ಬಿಣದ ಮೂಲೆಗೆ ಕೈಯಾರೆ ದುಂಡು ಕೊಡುವುದು

ಕಾಫಿ ಕೊಯ್ಲು ಹತ್ತಿರವಾದಂತೆ ಸೋಮವಾರಪೇಟೆ ಕಡೆಯ ನಮ್ಮ ತೋಟಗಳಲ್ಲಿ ತಳ್ಳುಗಾಡಿಯ ಪಟ್ಟಿಯೋ, ಗೋದಾಮಿನ ಚಿಲಕವೋ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಒಂದು ಆಧಾರದ ತುಂಡೋ ಹೊಸದಾಗಿ ಬೇಕಾಗುತ್ತದೆ. ಕತ್ತರಿಸಿದ ಮೂಲೆಯನ್ನು ಹಾಗೆಯೇ ಬಿಟ್ಟರೆ ಅದು ಗೋಣಿಚೀಲವನ್ನು ಹರಿಯುತ್ತದೆ, ಕೈಯನ್ನೂ ಗೀರುತ್ತದೆ. ಗ್ರೈಂಡರ್ ಈ ಕೆಲಸವನ್ನು ಬೇಗ ಮುಗಿಸುತ್ತದೆ ನಿಜ, ಆದರೆ ಒಂದು ಕ್ಷಣ ಕೈ ಭಾರವಾದರೂ ತಗ್ಗು ಬೀಳುತ್ತದೆ. ಮಳೆಗಾಲದಲ್ಲಂತೂ ಮರ ಬಿದ್ದು ಕರೆಂಟ್ ಹೋದರೆ ಕೈಯಿಂದ ಉಜ್ಜುವ ಅರವೇ (ಫೈಲ್) ಗತಿ.

ಅರವನ್ನು ಮೂಲೆಯ ಸುತ್ತ ತಿರುಗಿಸಿದರೆ ದುಂಡು ತಾನಾಗಿ ಬರುತ್ತದೆಂದು ಹಲವರು ಭಾವಿಸುತ್ತಾರೆ. ಹಾಗೆ ಬರುವುದು ಮೊಟ್ಟೆಯ ಆಕಾರ. ಒಳ್ಳೆಯ ದುಂಡು ಹುಟ್ಟುವುದು ಚಪ್ಪಟೆ ಮುಖಗಳಿಂದ. 10 ಮಿ.ಮೀ. ತ್ರಿಜ್ಯ ಬೇಕೆಂದರೆ ಎರಡೂ ಅಂಚುಗಳಿಂದ 10 ಮಿ.ಮೀ. ಒಳಕ್ಕೆ ಗೆರೆ ಎಳೆದು, ಅವು ಕೂಡುವಲ್ಲಿ ಮೊನೆಯುಳ್ಳ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು, ಎರಡು ಮೊನೆಯ ಡಿವೈಡರ್‌ನಿಂದ ಕಮಾನು ಗೀರಬೇಕು. ಬಳಿಕ ಮೂಲೆಯ ತುದಿಯಿಂದ ಎರಡೂ ಬದಿಗೆ ತ್ರಿಜ್ಯದ 0.586 ಪಟ್ಟು, ಅಂದರೆ ಸುಮಾರು 5.9 ಮಿ.ಮೀ. ಗುರುತಿಸಿ ಸೇರಿಸಿದರೆ, ಆ 45 ಡಿಗ್ರಿಯ ಗೆರೆ ಕಮಾನನ್ನು ನಡುವೆ ಮಾತ್ರ ಮುಟ್ಟುತ್ತದೆ. ಅಲ್ಲಿಯವರೆಗೆ ಒರಟು ಹಲ್ಲಿನ ಬಾಸ್ಟರ್ಡ್ ಫೈಲ್‌ನಿಂದ ಧೈರ್ಯವಾಗಿ ತೆಗೆಯಬಹುದು. ಆಮೇಲೆ ಉಳಿದ ಎರಡು ಏಣುಗಳನ್ನು 22.5 ಡಿಗ್ರಿಯಲ್ಲಿ ಸವರಿ, ಹುಟ್ಟುವ ಹೊಸ ಏಣುಗಳನ್ನು ಅದಕ್ಕಿಂತ ಸಣ್ಣ ಹಲ್ಲಿನ ಸೆಕೆಂಡ್ ಕಟ್ ಫೈಲ್‌ನಿಂದ ಮತ್ತೆ ಸವರುತ್ತ ಹೋಗಬೇಕು.

ಅರವನ್ನು ತೊಟ್ಟಿಲಿನಂತೆ ತೂಗುವ ಸರದಿ ಬರುವುದು ಈಗ. ನಯವಾದ ಹಲ್ಲಿನ ಸ್ಮೂತ್ ಫೈಲ್‌ನ ತುದಿಯನ್ನು ಕೆಳಗಿಟ್ಟು ಆರಂಭಿಸಿ, ಮುಂದಕ್ಕೆ ತಳ್ಳುತ್ತಲೇ ಹಿಡಿಯನ್ನು ಇಳಿಸುತ್ತ ಬಂದರೆ ಮುಖಗಳೆಲ್ಲ ಒಂದರೊಳಗೊಂದು ಕರಗುತ್ತವೆ. ಹಿಂದಕ್ಕೆ ಎಳೆಯುವಾಗ ಒತ್ತಡ ಬೇಡ. ಹಲ್ಲುಗಳು ಕಡಿಯುವುದು ಮುಂದಕ್ಕೆ ಮಾತ್ರ, ಹಿಂದಕ್ಕೆ ಒತ್ತಿದರೆ ಅವು ಮೊಂಡಾಗುತ್ತವೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಒಂದು ಚೂರು ಲೋಹ ಸಾಕು, ನುಣುಪಾದ ಮೈಮೇಲೆ ಉದ್ದನೆಯ ಗೀರು ಬೀಳುತ್ತದೆ. ಅದಕ್ಕಾಗಿ ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿ, ಆಗಾಗ ತಂತಿ ಬ್ರಷ್‌ನಿಂದ ಹಲ್ಲಿನ ಓರೆಗೆ ಸರಿಯಾಗಿ ಉಜ್ಜಬೇಕು. ನಮ್ಮ ತೇವದ ಹವೆಯಲ್ಲಿ ಸೀಮೆಸುಣ್ಣ ತಿಕ್ಕಿದ ಅರವನ್ನು ಹಾಗೆಯೇ ಬಿಡಬಾರದು, ಅದು ನೀರು ಹೀರಿ ಅರಕ್ಕೆ ತುಕ್ಕು ಹಿಡಿಸುತ್ತದೆ.

ಒಂದೇ ಬಗೆಯ ತುಂಡುಗಳು ಹಲವು ಬೇಕಾದಾಗ, ಮತ್ತು ಕಮಾನಿನ ಕೇಂದ್ರದಲ್ಲಿ ತೂತಿದ್ದರೆ ತೊಂದರೆಯಿಲ್ಲದಾಗ, ನನಗೆ ಮೆಚ್ಚುಗೆಯಾದ ಉಪಾಯವೊಂದಿದೆ. ಬೇಕಾದ ತ್ರಿಜ್ಯದ, ಹದಗೊಳಿಸಿ ಗಡುಸಾಗಿಸಿದ ಎರಡು ಉಕ್ಕಿನ ಬಿಲ್ಲೆಗಳನ್ನು ತುಂಡಿನ ಇಕ್ಕೆಲದಲ್ಲಿಟ್ಟು, ತೂತಿನ ಮೂಲಕ ಬೋಲ್ಟ್ ಹಾಕುವುದು. ಅರ ಬಿಲ್ಲೆಯನ್ನು ಮುಟ್ಟಿದೊಡನೆ ಕಡಿಯುವುದು ನಿಂತು ಜಾರತೊಡಗುತ್ತದೆ. ಬಿಲ್ಲೆಗಳು ಸಡಿಲವಾಗಿ ತಿರುಗುವಂತಿದ್ದರೆ ಅರದ ಹಲ್ಲೂ ಉಳಿಯುತ್ತದೆ.

ಕೊನೆಯ ತಪಾಸಣೆಗೆ, ಅದೇ ತ್ರಿಜ್ಯದ ಬಾಗು ಕೊರೆದ ಅಳತೆ ತಗಡಾದ ರೇಡಿಯಸ್ ಗೇಜನ್ನು ಮೂಲೆಗೆ ಒತ್ತಿ ಬೆಳಕಿಗೆ ಹಿಡಿಯುತ್ತೇನೆ. ನಡುವೆ ಬೆಳಕು ಇಣುಕಿದರೆ ಅಲ್ಲಿ ಹೆಚ್ಚು ತೆಗೆದಾಗಿದೆ, ತುದಿಗಳಲ್ಲಿ ಇಣುಕಿದರೆ ನಡುವೆ ಇನ್ನೂ ತೆಗೆಯಬೇಕಿದೆ. ಅದು ಸರಿಬಂದ ಮೇಲೆ ಎಮರಿ ಬಟ್ಟೆಯ ಪಟ್ಟಿಯನ್ನು ಮೂಲೆಯ ಮೇಲೆ ಎರಡೂ ಕೈಯಿಂದ ಅತ್ತಿತ್ತ ಎಳೆದು, ಮೇಲಿನ ಕೆಳಗಿನ ಚೂಪು ಅಂಚುಗಳನ್ನೂ ಸವರಿ, ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯುವುದು ಇಲ್ಲಿನ ಹವೆಗೆ ಕ್ಷೇಮ.