ಅಮ್ಮನ ಕೋಣೆಯ ನೆಲದಡಿಯ ಥರ್ಮಾಕೋಲ್

ಕಳೆದ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯ ಗ್ಯಾರೇಜನ್ನು ಅಮ್ಮನಿಗೆ ಕೋಣೆ ಮಾಡಲು ಹೊರಟೆವು. ಶಿವಮೊಗ್ಗ ಕಡೆಯ ಸಾಗರದಿಂದ ಬರುವ ಎಪ್ಪತ್ತೆಂಟರ ಅಮ್ಮ ಮಹಡಿ ಹತ್ತಲಾರರು. ಚಳಿಗಾಲದಲ್ಲಿ ಗ್ಯಾರೇಜಿನ ನೆಲ ಕಾಲು ಇಡಲಾಗದಷ್ಟು ಕೊರೆಯುತ್ತದೆ. ಹಳೇ ಕಾಂಕ್ರೀಟಿನ ಮೇಲೆ ಎರಡು ಇಂಚಿನ ಥರ್ಮಾಕೋಲ್ ಹಲಗೆ ಹಾಸಿ, ಮೇಲೊಂದು ಪದರ ಕಾಂಕ್ರೀಟ್ ಸುರಿಯೋಣ ಎಂದರು ಕಂಟ್ರಾಕ್ಟರ್.

ಹಲಗೆ ಬಂದ ದಿನ ಕೆಲಸದ ಹುಡುಗ ಗರಗಸದಲ್ಲಿ ಕೊಯ್ಯುತ್ತಿದ್ದ. ಬಿಳಿ ಕಾಳುಗಳು ಅವನ ಹುಬ್ಬಿಗೆ, ತೋಳಿನ ಕೂದಲಿಗೆ ಅಂಟಿಕೊಂಡಿದ್ದವು. ಊದಿದರೂ ಹೋಗುತ್ತಿರಲಿಲ್ಲ. ಮುಖಕ್ಕೆ ಮಾಸ್ಕ್ ಇರಲಿಲ್ಲ. ನಾನೊಂದು ತುಂಡು ತೆಗೆದು ಮೇಲಿನ ಅಚ್ಚು ಓದಿದೆ. ಬೆಂಕಿ ಪರೀಕ್ಷೆಯ ಅಂಕೆಗಳಿದ್ದವು, ಒಳಗೆ ಏನು ಬೆರೆಸಿದ್ದಾರೆ ಎಂಬುದು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ ಕಂಟ್ರಾಕ್ಟರ್ ಒಂದು ಸುರಕ್ಷತಾ ಪತ್ರ ಕಳಿಸಿದರು. ಬೆಂಕಿ ತಡೆಯುವ ರಾಸಾಯನಿಕದ ಹೆಸರು ಇರಬೇಕಾದ ಜಾಗದಲ್ಲಿ ‘ವ್ಯಾಪಾರ ರಹಸ್ಯ’ ಎಂದಿತ್ತು. ನನ್ನ ಅಮ್ಮ ಮಲಗುವ ನೆಲದಡಿ ಏನಿದೆ ಎಂಬುದು ರಹಸ್ಯ ಯಾಕಾಗಬೇಕು? ಆ ರಾತ್ರಿಯಿಂದಲೇ ಓದಲು ಕೂತೆ.

ಬೆಂಕಿ ತಡೆಯಲೆಂದು ಥರ್ಮಾಕೋಲ್ ಹಲಗೆಗೆ ದಶಕಗಳ ಕಾಲ ಸೇರಿಸುತ್ತಿದ್ದದ್ದು ಹೆಕ್ಸಾಬ್ರೋಮೋಸೈಕ್ಲೋಡೋಡೆಕೇನ್, ಚಿಕ್ಕದಾಗಿ ಎಚ್‌ಬಿಸಿಡಿ. ಅದು ಹಲಗೆಯ ಜೊತೆ ಬೆಸೆದುಕೊಳ್ಳುವುದಿಲ್ಲ, ಸುಮ್ನೆ ಬೆರೆತಿರುತ್ತದೆ. ಹಾಗಾಗಿ ನಿಧಾನಕ್ಕೆ ಹೊರಬಂದು ಧೂಳು ಸೇರುತ್ತದೆ. ತಾಯಿಯ ಹಾಲಿನಲ್ಲಿ ಸಿಕ್ಕಿದೆ, ಉತ್ತರ ಧ್ರುವದ ಹಿಮಕರಡಿಯ ಮೈಯಲ್ಲೂ ಸಿಕ್ಕಿದೆ. ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ 2013ರಲ್ಲಿ ಅದನ್ನು ಸೇರಿಸಿದರು. ಆದರೆ ಕಟ್ಟಡದ ಹಲಗೆಗೆ ಮಾತ್ರ ಕೆಲ ವರ್ಷದ ವಿನಾಯಿತಿ ಕೊಟ್ಟರು. ಅಂಥ ಹಲಗೆಯನ್ನು ಕಟ್ಟಡ ಒಡೆಯುವ ದಿನದವರೆಗೂ ಗುರುತಿಸುವಂತಿರಬೇಕು ಎಂಬ ಷರತ್ತೂ ಇತ್ತು. ಅಮೆರಿಕ ಆ ಒಪ್ಪಂದಕ್ಕೆ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಈಗ ಎಚ್‌ಬಿಸಿಡಿ ಜಾಗಕ್ಕೆ ದೊಡ್ಡ ಅಣುವಿನ ಇನ್ನೊಂದು ಬ್ರೋಮಿನ್ ವಸ್ತು ಬಂದಿದೆ. ಅದು ಅಷ್ಟು ಸುಲಭವಾಗಿ ಹೊರಬರುವುದಿಲ್ಲ ಎನ್ನುತ್ತಾರೆ. ನಿಜವೇ ಇರಬಹುದು. ಆದರೂ ಅದು ಬೇಕಾ ಅನ್ನೋದು ನನ್ನ ಪ್ರಶ್ನೆ.

ಬೇಕು ಎಂದು ಹೇಳುವುದು ಒಂದು ಪರೀಕ್ಷೆ. ಸುರಂಗದಂಥ ಕುಲುಮೆಯ ಚಾವಣಿಗೆ ಇಪ್ಪತ್ತನಾಲ್ಕು ಅಡಿ ಉದ್ದಕ್ಕೆ ಹಲಗೆ ಕಟ್ಟಿ, ಒಂದು ತುದಿಗೆ ಜ್ವಾಲೆ ಹಿಡಿದು, ಹತ್ತು ನಿಮಿಷದಲ್ಲಿ ಬೆಂಕಿ ಎಷ್ಟು ದೂರ ಹೋಗುತ್ತದೆ ಎಂದು ನೋಡುತ್ತಾರೆ. ಹಲಗೆ ಅಲ್ಲಿ ಬೋಳಾಗಿಯೇ ಇರುತ್ತದೆ. ಮನೆಯಲ್ಲಿ ಹಾಗೆ ಬಿಡುತ್ತೇವಾ? ಇಲ್ಲಿನ ಕಟ್ಟಡ ನಿಯಮದ ಪ್ರಕಾರ ಕೋಣೆಗೂ ಥರ್ಮಾಕೋಲಿನಂಥ ಫೋಮಿಗೂ ನಡುವೆ ಸಾಮಾನ್ಯವಾಗಿ ಅರ್ಧ ಇಂಚಿನ ಜಿಪ್ಸಂ ಹಲಗೆ ಇರಬೇಕು. ಜಿಪ್ಸಮ್ಮಿನ ತೂಕದ ಐದರಲ್ಲೊಂದು ಪಾಲು ಅದರೊಳಗೇ ಕಟ್ಟಿಕೊಂಡಿರುವ ನೀರು. ಕಾವು ತಾಗಿದಾಗ ಆ ನೀರು ಆವಿಯಾಗಿ ಹೋಗುವವರೆಗೆ ಹಿಂದಿನ ಫೋಮ್ ತಣ್ಣಗಿರುತ್ತದೆ. ನಿಜವಾದ ಕಾವಲು ಅದೇ. ಇನ್ನು ನಮ್ಮ ಹಲಗೆ ಎರಡು ಕಾಂಕ್ರೀಟ್ ಪದರಗಳ ನಡುವೆ ಹೂತಿದೆ. ಅಲ್ಲಿಗೆ ಬೆಂಕಿ ಎಲ್ಲಿಂದ ಬರಬೇಕು? ಸ್ವೀಡನ್, ನಾರ್ವೆಯಲ್ಲಿ ಕಾಂಕ್ರೀಟಿನಡಿಗೆ ಈ ರಾಸಾಯನಿಕ ಇಲ್ಲದ ಹಲಗೆಯನ್ನೇ ಹಾಕುತ್ತಾರೆ.

ಇದನ್ನು ಮೊದಲು ಕೇಳಿದವಳು ನಾನೇನಲ್ಲ. 2013ರಲ್ಲಿ ಬರ್ಕ್ಲಿ ಕಡೆಯ ಶಾಸಕಿ ನ್ಯಾನ್ಸಿ ಸ್ಕಿನ್ನರ್ ತಂದ ಎಬಿ 127 ಮಸೂದೆಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ರಾಸಾಯನಿಕ ಸೇರಿಸದೆ ಈ ಪರೀಕ್ಷೆ ಪಾಸಾಗಲು ಸಾಧ್ಯವೇ ಇಲ್ಲವೇ, ಪರಿಶೀಲಿಸಿ ಎಂದು ಅದು ರಾಜ್ಯದ ಅಗ್ನಿ ಅಧಿಕಾರಿಗೆ ಹೇಳಿತು. ಯಾವ ರಾಸಾಯನಿಕವನ್ನೂ ಅದು ನಿಷೇಧಿಸಲಿಲ್ಲ. ಅದೇ ರಾಜ್ಯ 2018ರಲ್ಲಿ ಸೋಫಾ, ಹಾಸಿಗೆ, ಮಕ್ಕಳ ಸಾಮಾನಿಗೆ ಇಂಥ ರಾಸಾಯನಿಕ ಬೇಡ ಎಂದು ಕಾನೂನು ಮಾಡಿತು. ಗೋಡೆಗೂ ನೆಲಕ್ಕೂ ಅಷ್ಟು ಬೇಗ ಆಗಲಿಲ್ಲ.

ಬೆಂಕಿಯ ಭಯ ನನಗೂ ಇದೆ. ಅಮ್ಮ ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕುಡಿಯುವವರಲ್ಲ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತದ್ದು ಮರೆಯುವಂಥದ್ದಾ? ಆದರೆ ಅಲ್ಲಿ ಉರಿಯುವ ಫಲಕವನ್ನೂ ಫೋಮನ್ನೂ ಹೊರಗೋಡೆಗೇ ಕಟ್ಟಿದ್ದರು. ಅಂಥ ಕಡೆ ಉರಿಯದ ವಸ್ತುವೇ ಬೇಕು. ಅದಕ್ಕೇ ನಮ್ಮ ಗೋಡೆಗಳಿಗೆ ಕಲ್ಲುಣ್ಣೆ ತುಂಬಿಸಿದೆವು. ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ಎಳೆ ಅದು. ಹಲ್ಲಿರುವ ಬ್ರೆಡ್ ಚಾಕುವಿನಲ್ಲಿ ನಾನೇ ಕೊಯ್ದೆ. ಕೈ ಎರಡು ದಿನ ತುರಿಸಿತು. ಖರ್ಚು ಸ್ವಲ್ಪ ಜಾಸ್ತಿಯಾಯಿತು.

ಮೊನ್ನೆ ಬೆಂಗಳೂರಿನಿಂದ ತಂಗಿ ಫೋನ್ ಮಾಡಿದಳು. ಬಿಸಿಲಿಗೆ ಟೆರೇಸ್ ಮೇಲೆ ಫೋಮ್ ಹಲಗೆ ಹಾಕಿಸಬೇಕಂತೆ. ಭಾರತ 2018ರ ನಿಯಮದಲ್ಲೇ ಎಚ್‌ಬಿಸಿಡಿ ನಿಷೇಧಿಸಿದೆ, ಅದು ಇಲ್ಲ ಅಂತ ಬರೆದುಕೊಡೋಕೆ ಹೇಳು, ಅಂದೆ. ಹಲಗೆ ಮಾರುವವರಿಗೆ ಆ ಹೆಸರೇ ಗೊತ್ತಿಲ್ಲ ಅಂತ ಸಂಜೆ ಮತ್ತೆ ಫೋನ್ ಬಂತು. ಕಂಪನಿಯಿಂದಲೇ ಕೇಳಿ ತರಿಸಲಿ, ಅಲ್ಲೀವರೆಗೆ ಮುಂಗಡ ಕೊಡಬೇಡ ಅಂದಿದ್ದೇನೆ.

ನಮ್ಮಲ್ಲಿ ನೆಲಕ್ಕೆ ಬೇರೆ ದಾರಿ ಸಿಗಲಿಲ್ಲ. ಅದೇ ಹಲಗೆ ಹಾಕಿಸಿದೆವು. ಆ ಹುಡುಗನಿಗೆ ಮಾಸ್ಕ್ ತಂದುಕೊಟ್ಟೆ. ಕಾಂಕ್ರೀಟ್ ಸುರಿಯುವ ಮುಂಚೆ ಫೋಟೋ ತೆಗೆದೆ. ಈಗ ಕರೆಂಟಿನ ಪೆಟ್ಟಿಗೆಯ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ: ‘ಈ ನೆಲದಡಿ ಎರಡು ಇಂಚು ಥರ್ಮಾಕೋಲ್ ಇದೆ. ಬೆಂಕಿ ತಡೆಯುವ ರಾಸಾಯನಿಕ ಬೆರೆಸಿದ್ದು. ಒಡೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಸುಡಬೇಡಿ.’