ನಮ್ಮವರಿಗೇ ಕೆಲಸವಿಲ್ಲದಾಗ ನಿರಾಶ್ರಿತರಿಗೇಕೆ ಪ್ರಾಧ್ಯಾಪಕ ಹುದ್ದೆ?

ವಿಜ್ಞಾನದ ಇತಿಹಾಸದ ಬಗ್ಗೆ ಎಲ್ಲಿ ಮಾತನಾಡಲು ಹೋದರೂ, ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟ ಪ್ರಾಧ್ಯಾಪಕರ ವಿಷಯ ಬಂದ ಕೂಡಲೇ ಸಭೆಯಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. “ನಮ್ಮ ಹುಡುಗರೇ ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ಸವೆಯುತ್ತಿದ್ದಾರೆ. ಹೀಗಿರುವಾಗ ನಿರಾಶ್ರಿತರನ್ನು ಕರೆದು ಹುದ್ದೆ ಕೊಡಬೇಕೆಂದರೆ ಯಾವ ನ್ಯಾಯ ಸಾರ್?” ಕೇಳುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರೇ. ಅವರಿಗೆ ಮಾನವೀಯತೆಯ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಬೆಂಗಳೂರಿನ ಒಂದು ಪ್ರಸಂಗ ಹೇಳುತ್ತೇನೆ.

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ಕಿತ್ತುಹಾಕುವ ಕಾನೂನು ತಂದಿತು. ಗಾಟಿಂಗೆನ್‌ನಲ್ಲಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುದ್ದೆ ಕಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ. ಆಗ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಬಾರ್ನ್‌ರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935–36ರಲ್ಲಿ ಬಾರ್ನ್ ಇಲ್ಲಿ ಉಪನ್ಯಾಸ ಕೊಟ್ಟರು. ಅವರನ್ನು ಕಾಯಂ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಬೇಕೆಂದು ರಾಮನ್ ಪ್ರಾಧ್ಯಾಪಕರ ಸಭೆಯ ಮುಂದೆ ಪ್ರಸ್ತಾಪ ಇಟ್ಟಾಗ, ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಪ್ರಾಧ್ಯಾಪಕರು ಎದ್ದು ವಿರೋಧಿಸಿದರು. ತಾಯ್ನಾಡೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬುದು ಅವರ ವಾದದ ಸಾರ. (ಹೇಳಿದವರೂ ಈ ನೆಲಕ್ಕೆ ಪರದೇಶಿಯೇ!) ಮನೆಗೆ ಹೋದ ಬಾರ್ನ್ ಹೆಂಡತಿಯ ಎದುರು ಅತ್ತುಬಿಟ್ಟರಂತೆ; ಹಾಗೆಂದು ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೊ ಅವರಿಗೆ ಪ್ರಾಧ್ಯಾಪಕ ಪೀಠ ಕೊಟ್ಟಿತು. ನಿವೃತ್ತಿಯವರೆಗೂ ಅಲ್ಲೇ ಇದ್ದರು, 1954ರಲ್ಲಿ ನೊಬೆಲ್ ಬಂತು. ಆ ಹದಿನೇಳು ವರ್ಷ ಅವರು ಬೆಂಗಳೂರಿನಲ್ಲಿ ಕಲಿಸಿದ್ದರೆ ಅದರ ಲಾಭ ಯಾರಿಗಾಗುತ್ತಿತ್ತು? ಇದೇ ಪ್ರಶ್ನೆ ಕೇಳುವ ನಮ್ಮ ಹುಡುಗರ ಅಜ್ಜಂದಿರ ತಲೆಮಾರಿಗೆ.

ತುರ್ಕಿಯ ಇಸ್ತಾಂಬುಲ್ ಬೇರೆ ದಾರಿ ಹಿಡಿಯಿತು. ಫ್ರಾಂಕ್‌ಫರ್ಟ್‌ನಿಂದ ಜ್ಯೂರಿಕ್‌ಗೆ ಪಾರಾಗಿದ್ದ ರೋಗಶಾಸ್ತ್ರಜ್ಞ ಫಿಲಿಪ್ ಶ್ವಾರ್ಟ್ಜ್ ಕೆಲಸ ಕಳೆದುಕೊಂಡ ವಿದ್ವಾಂಸರ ಪಟ್ಟಿ ಹಿಡಿದು 1933ರ ಜುಲೈನಲ್ಲಿ ಆ ದೇಶದ ರಾಜಧಾನಿ ಅಂಕಾರಾಕ್ಕೆ ಹೋದರು. ಒಂದೇ ದಿನದ ಮಾತುಕತೆಯಲ್ಲಿ ಸುಮಾರು ಮೂವತ್ತು ಪ್ರಾಧ್ಯಾಪಕರ ನೇಮಕಕ್ಕೆ ಒಪ್ಪಿಗೆ ಸಿಕ್ಕಿತು. ನನಗೆ ಮುಖ್ಯವೆನಿಸುವುದು ಅವರಿಗೆ ಹಾಕಿದ ಷರತ್ತು: ಮೊದಲು ದುಭಾಷಿ ಇಟ್ಟುಕೊಂಡು ಪಾಠ ಮಾಡಬಹುದು, ಆದರೆ ಮೂರು ವರ್ಷದಲ್ಲಿ ತುರ್ಕಿ ಕಲಿತು ತುರ್ಕಿಯಲ್ಲೇ ಪಾಠ ಮಾಡಬೇಕು, ಪಠ್ಯಪುಸ್ತಕವನ್ನೂ ಬರೆಯಬೇಕು. ಎಲ್ಲರಿಗೂ ಇದು ಆಗಲಿಲ್ಲ. ಆದರೆ ಕಾನೂನು ಪಂಡಿತ ಎರ್ನ್ಸ್ಟ್ ಹಿರ್ಷ್ ತುರ್ಕಿಯಲ್ಲಿ ಪಳಗಿ, ಅಲ್ಲಿನ ಪೌರತ್ವ ಪಡೆದು, ಆ ದೇಶದ ವಾಣಿಜ್ಯ ಸಂಹಿತೆಯ ಕರಡನ್ನೇ ಸಿದ್ಧಪಡಿಸಿದರು.

ಈ ಕಥೆಗೆ ಕಹಿ ಮಗ್ಗುಲೂ ಇದೆ. ಹೊಸ ವಿಶ್ವವಿದ್ಯಾಲಯ ಕಟ್ಟಲು ಹಳೆಯದನ್ನು ಮುಚ್ಚಿದರು. ಅಲ್ಲಿನ ಅಧ್ಯಾಪಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀದಿಗೆ ಬಿದ್ದರು. ಹೊರಗಿನಿಂದ ಬಂದವರ ಸಂಬಳವೋ ಸ್ಥಳೀಯರದಕ್ಕಿಂತ ಹಲವು ಪಟ್ಟು. ಹೊಟ್ಟೆ ಉರಿಯದೆ ಇರುತ್ತದೆಯೇ? ಒಬ್ಬರ ಅನ್ನ ಕಿತ್ತು ಇನ್ನೊಬ್ಬರಿಗೆ ಬಡಿಸುವುದು ಆಶ್ರಯವಲ್ಲ. ನಿರಾಶ್ರಿತ ವಿದ್ವಾಂಸರಿಗೆ ಹೊಸ ಹುದ್ದೆ, ಬೇರೆ ಹಣ ಇರಬೇಕು. ಜೊತೆಗೆ ಸ್ಥಳೀಯ ಸಹಾಯಕರನ್ನು ತಯಾರು ಮಾಡುವ ಹೊಣೆಯೂ ಇರಬೇಕು ಎನ್ನುವುದು ಇದಕ್ಕೇ.

ಇಂದು ಜರ್ಮನಿಯಲ್ಲಿ ಅದೇ ಶ್ವಾರ್ಟ್ಜ್ ಹೆಸರಿನ ಯೋಜನೆ ಇದೆ, ಅಪಾಯದಲ್ಲಿರುವ ಸಂಶೋಧಕರಿಗಾಗಿ. ಒಳ್ಳೆಯದೇ. ಆದರೆ ಅದು ಅವಧಿ ಮುಗಿಯುವ ಸಹಾಯಧನ. ಮುಗಿದ ಮೇಲೆ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಪಾಡು ಬಿಡಿಸಿ ಹೇಳಬೇಕಿಲ್ಲ. ಪ್ರಮಾಣಪತ್ರದ ತೊಡಕಿಗೆ ಯುರೋಪು ಕಂಡುಕೊಂಡ ಉಪಾಯ ಇನ್ನೂ ಜಾಣತನದ್ದು. ಕಾಗದಪತ್ರ ಪೂರ್ತಿ ಇಲ್ಲದವರನ್ನು ತಜ್ಞರು ಕೂರಿಸಿಕೊಂಡು ಓದಿದ್ದೇನು, ಎಲ್ಲಿ, ಯಾವ ಕೆಲಸ ಮಾಡಿದ್ದು ಎಂದು ವಿಚಾರಿಸಿ ಅರ್ಹತಾ ದಾಖಲೆ ಕೊಡುತ್ತಾರೆ. ಅದರಿಂದಲೇ ಕೆಲಸ ಸಿಗುವುದಿಲ್ಲ, ಬಾಗಿಲಂತೂ ತೆರೆಯುತ್ತದೆ.

ನಮ್ಮಲ್ಲಿ ಆ ಬಾಗಿಲೂ ಇಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಕಾಬೂಲಿನಿಂದ ಓಡಿಬಂದ ಒಬ್ಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಅಂಕಪಟ್ಟಿ ಅಲ್ಲೇ ಬಿಟ್ಟುಬಂದಿದ್ದರೆ, ಇಲ್ಲಿ ಪದವಿಯ ತತ್ಸಮಾನತೆಗೆ ಅರ್ಜಿ ಹಾಕುವುದೇ ಕಷ್ಟ. ನಮ್ಮ ಕಾಲೇಜುಗಳಲ್ಲಿ ಕಾಯಂ ಹುದ್ದೆ ಖಾಲಿ ಬಿದ್ದಿದ್ದರೆ ಅವರು ಬಂದು ಕೂತಿದ್ದರಿಂದಲ್ಲ, ಭರ್ತಿ ಮಾಡಬೇಕಾದವರು ಮಾಡದೆ ಇರುವುದರಿಂದ.