ಸಿಎಂ ಯಾರಾಗ್ತಾರೆ?

ಟೀವಿಯಲ್ಲಿ ಮತ್ತೆ ಸಿಎಂ ಬದಲಾವಣೆ ಚರ್ಚೆ. ಸಂವಿಧಾನದ 164ನೇ ವಿಧಿ ಇದನ್ನು ಒಂದೇ ಮಾತಲ್ಲಿ ಮುಗಿಸುತ್ತದೆ: ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸಬೇಕು. ಸದನದಲ್ಲಿ ಬಹುಮತ ಬೇಕು, ನಮ್ಮಲ್ಲಿ 224ರಲ್ಲಿ 113. ಹೈಕಮಾಂಡ್ ಸುದ್ದಿಯೇ ಅಲ್ಲಿಲ್ಲ!

ನಡೆಯೋದೇ ಬೇರೆ. ದೆಹಲಿಯಿಂದ ವೀಕ್ಷಕರು ಬರುತ್ತಾರೆ, ಶಾಸಕರು 'ತೀರ್ಮಾನ ವರಿಷ್ಠರಿಗೆ ಬಿಟ್ಟಿದ್ದು' ಅಂತ ಒಂದು ಸಾಲಿನ ನಿರ್ಣಯ ಮಾಡಿ ಊಟಕ್ಕೆ ಏಳುತ್ತಾರೆ. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. ಮರುವರ್ಷ ವೀರೇಂದ್ರ ಪಾಟೀಲರು ಕಾಯಿಲೆ ಬಿದ್ದಿದ್ದಾಗಲೇ, ಅವರನ್ನು ಬದಲಿಸುವ ವಿಷಯವನ್ನು ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಹೇಳಿ ಹೊರಟುಬಿಟ್ಟರು. ಆ 178 ಜನರನ್ನು ಕೇಳಿದವರು ಯಾರು?

2011ರಲ್ಲಿ ಬಿಜೆಪಿ ಶಾಸಕರು ರಹಸ್ಯ ಮತದಾನ ಮಾಡಿ ಶೆಟ್ಟರ್ ಬದಲು ಸದಾನಂದ ಗೌಡರನ್ನು ಆರಿಸಿದ್ದರು. ಪರವಾಗಿಲ್ಲ, ಅಲ್ವಾ? ಮುಂದಿನ ವರ್ಷ ಶೆಟ್ಟರೇ ಸಿಎಂ ಆದರು ಅನ್ನಿ.